ತಜ್ಞರ ಮುಂದೆ ಆಡದ ಕನ್ನಡ

ಆಗ ಹತ್ತು ಪ್ಲಸ್ ಎರಡು ಅನ್ನುವ ಹೊಸ ಪದ್ಧತಿ ಕಾಶಿಗೂ ಬಂದಿತ್ತು. ಹಾಗೆಂದರೇನು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನನ್ನ ತಲೆಯಂತೂ ಕೆಟ್ಟು ಕೆರ ಹಿಡಿದಿತ್ತು. ತಿಳಿದದ್ದು ಇಷ್ಟೇ: ಶಾಲೆಗಳಲ್ಲಿ ಯಾವ ಭಾಷೆ ಕಲಿಸಬೇಕೆಂದು ದೆಹಲಿಯ ತಜ್ಞರೊಬ್ಬರು ನೋಡಿ ವರದಿ ಬರೆಯುತ್ತಾರೆ, ನಮ್ಮ ಮನೆಗೂ ಬರುತ್ತಾರೆ.

ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಇಲ್ಲಿಗೆ ಬಂದವರು. ಭಾನುವಾರಗಳಂದು ಪಡಸಾಲೆಯಲ್ಲಿ ನನ್ನ ಮಗಳೂ ಸೇರಿ ಇಲ್ಲಿನ ಕನ್ನಡದವರ ಏಳು ಮಕ್ಕಳಿಗೆ ಕನ್ನಡ ಓದಿಸುತ್ತಿದ್ದೆ. ಜೊತೆಗೆ ಮರ್ಯಾದೆಯನ್ನೂ ಕಲಿಸಿದ್ದೆ. ನಾವು ಕನ್ನಡ ಆಡಿದರೆ ತನ್ನನ್ನೇ ಬೈಯುತ್ತಿದ್ದೇವೆಂದು ಮನೆಯೊಡತಿ ಮುಖ ಊದಿಸಿಕೊಂಡಿದ್ದಳು. ಅಂದಿನಿಂದ, ಕನ್ನಡ ಬಾರದವರು ಎದುರಿಗಿದ್ದರೆ ಹಿಂದಿಯಲ್ಲೇ ಮಾತು ಎಂದು ಮಕ್ಕಳಿಗೆ ನಿಯಮ ಮಾಡಿದ್ದೆ.

ತಜ್ಞರು ಮನಸ್ಸು ಮಾಡಿದರೆ ಶಾಲೆಯಲ್ಲೇ ಕನ್ನಡದ ಪೀರಿಯಡ್ ಸಿಗುತ್ತಿತ್ತು. ಇಲ್ಲದಿದ್ದರೆ ನಮಗೆ ಮತ್ತೆ ವರ್ಗವಾದ ದಿನವೇ ಈ ಪಾಠ ಮುಗಿದಂತೆ.

ದೊಡ್ಡ ಜಂಬದ ಮನುಷ್ಯ ಬರುತ್ತಾನೆ, ಜಗಳಕ್ಕೇ ಇಳಿಯಬೇಕಾದೀತು ಅಂದುಕೊಂಡಿದ್ದೆ. ಬಂದವರು ಮೆದು ಮಾತಿನ ಮುದುಕರು. ಚಾಪೆಯ ಮೇಲೆ ಮಕ್ಕಳ ನಡುವೆಯೇ ಕೂತು ಹಿಂದಿಯಲ್ಲಿ ಕೇಳಿದರು:

"ಯಾವ ಭಾಷೆ ಬಾಯಿಗೆ ಬರುತ್ತೋ ಅದ್ರಲ್ಲೇ ನಿಮ್ಮ ಮನೆ ವಿಷಯ ಹೇಳಿ ಮಕ್ಕಳೇ."

ಏಳು ಮಕ್ಕಳೂ ಹಿಂದಿಯಲ್ಲೇ ಹೇಳಿದವು! ಅರಳು ಹುರಿದಂತೆ!

"ಕನ್ನಡದಲ್ಲಿ ಹೇಳೇ," ಎಂದು ಮಗಳ ಭುಜ ಅಲುಗಿಸಿದೆ. ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು.

"ಒತ್ತಾಯ ಬೇಡ ಬೆಹನ್‌ಜಿ," ಎಂದರು ತಜ್ಞರು. "ತಾನಾಗಿ ಬರೋದೇ ಮಗುವಿನ ಭಾಷೆ." ಅದನ್ನೇ ಬರೆದುಕೊಂಡು, ನಮಸ್ಕರಿಸಿ ಹೊರಟರು. ತಪ್ಪು ಹುಡುಕೋಣವೆಂದರೆ ಅವರ ಮಾತಿನಲ್ಲಿ ತಪ್ಪೇ ಕಾಣಲಿಲ್ಲ. ಹಾಗಾದರೆ ಇಷ್ಟು ದಿನ ನಾನು ಕಲಿಸಿದ್ದು ಯಾರ ಭಾಷೆ?

ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಹಾಸನದ ಹಳ್ಳಿಯಿಂದ ಬಂದಿದ್ದ ಮಹಡಿ ಮನೆಯ ಅಜ್ಜಿ ಮೆಟ್ಟಿಲ ಮೇಲಿಂದಲೇ ಅಂದರು: "ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತಲ್ಲೇ ತಾಯಿ!"

ನನಗೆ ಅಳುವೇ ಬಂತು. "ಬಾಯಿಗೇನಾಗಿತ್ತೇ ನಿಂಗೆ?" ಎಂದು ಮಗಳ ಮೇಲೆ ರೇಗಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ಕಿಟಕಿಗೆ ಓಡಿದಳು. ಗಲ್ಲಿಯ ತಿರುವಿನಲ್ಲಿ ಆ ಮುದುಕರ ಕೊಡೆ ಮರೆಯಾಗುವವರೆಗೂ ಕಾದು, ಪಿಸುಗುಟ್ಟಿದಳು:

"ಹೋದ್ರು ಅಮ್ಮಾ. ಈಗ ಕನ್ನಡ ಮಾತಾಡ್ಬಹುದಾ?"

ನಾನು ಹ್ಞೂಂ ಅನ್ನುವ ಮೊದಲೇ ಏಳೂ ಮಕ್ಕಳು ಕನ್ನಡದಲ್ಲಿ ಕಚ್ಚಾಡತೊಡಗಿದ್ದವು, ತಜ್ಞರ ಮುಂದೆ ಚೆನ್ನಾಗಿ ಮಾತಾಡಿದವರು ಯಾರು ಎಂದು.