ಹಗ್ಗಕ್ಕೆ ಕೊಟ್ಟ ಮುತ್ತು

ಆ ಬೆಟ್ಟದೂರಿನಲ್ಲಿ ಹೆಂಡತಿಯೊಬ್ಬರನ್ನು ಬಿಟ್ಟು ಉಳಿದವರೆಲ್ಲ ಅವರನ್ನು ಹಗ್ಗದ ಮಾವ ಎಂದೇ ಕರೆಯುತ್ತಿದ್ದರು. ಪ್ರವಾಸಿಗಳನ್ನು ಬಂಡೆಯಿಂದ ಇಳಿಸುವ ಕಚೇರಿಯ ಹಿಂದೆ ಒಂದು ಕೋಣೆಯಿತ್ತು. ಬಿಸಿಲು ಬಿದ್ದರೆ ಹಗ್ಗದ ಆಯುಸ್ಸು ಕಡಿಮೆಯಾಗುತ್ತದೆಂದು ಅದಕ್ಕೆ ಕಿಟಕಿ ಇಟ್ಟಿರಲಿಲ್ಲ. ಮಾವ ಇಪ್ಪತ್ತಾರು ವರ್ಷ ದುಡಿದದ್ದು ಆ ಕತ್ತಲೆಯಲ್ಲೇ. "ನಾನು ಕೂತಲ್ಲೇ ಜನರನ್ನ ಪಾತಾಳಕ್ಕೆ ಇಳಿಸ್ತೀನಿ, ಎಣಿಸಿ ವಾಪಸ್ ತಗೋತೀನಿ" ಎಂದು ನಗುತ್ತಿದ್ದರು.

ಕೆಲಸವನ್ನು ಹೇಳುವುದು ಸುಲಭ. ಬೆಟ್ಟದ ಹಗ್ಗಕ್ಕೆ ಮೇಲೊಂದು ಹೆಣೆದ ಸಿಪ್ಪೆ, ಒಳಗೆ ಬಿಳಿ ಎಳೆಗಳ ತಿರುಳು. ಸಿಪ್ಪೆ ಹರಿದರೆ ಯಾರಿಗಾದರೂ ಕಾಣುತ್ತದೆ. ಚೂಪು ಕಲ್ಲಿಗೆ ಸಿಕ್ಕಿ ತಿರುಳು ಮಾತ್ರ ಜಜ್ಜಿಹೋಗಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಅಲ್ಲಿ ಒಂದು ಕಾಳಿನಷ್ಟು ಜಾಗ ಮೆತ್ತಗಿರುತ್ತದೆ, ಅಷ್ಟೆ. ಮಾವ ಪ್ರತಿದಿನ ಕಣ್ಣು ಮುಚ್ಚಿಕೊಂಡು, ಅಷ್ಟುದ್ದದ ಹಗ್ಗವನ್ನು ಗೇಣುಗೇಣಾಗಿ ಬೆರಳುಗಳ ನಡುವೆ ಎಳೆದು ಆ ಮೆತ್ತನೆಯ ಜಾಗ ಹುಡುಕುತ್ತಿದ್ದರು. ಸಿಕ್ಕಿತೋ, ಆ ಹಗ್ಗ ಸತ್ತ ಹಾಗೆ. ಯಾರೂ ಮರೆತು ಮತ್ತೆ ಬಳಸಬಾರದೆಂದು ಅಲ್ಲೇ ಚಾಕು ತೆಗೆದು ಮಾರುದ್ದದ ತುಂಡುಗಳಾಗಿ ಕತ್ತರಿಸಿಬಿಡುತ್ತಿದ್ದರು. ಸಿಗದಿದ್ದರೆ ಹಗ್ಗಕ್ಕೆ ಕಟ್ಟಿದ ಚೀಟಿಯ ಮೇಲೆ ಆ ದಿನದ ತಾರೀಖು, ಕೆಳಗೆ ಸಹಿ. ಆ ಸಹಿ ನಂಬಿ ಜನ ಪ್ರಪಾತದ ಅಂಚಿನಿಂದ ಹಿಂದಕ್ಕೆ ಕಾಲಿಡುತ್ತಿದ್ದರು.

ಬೆರಳುಗಳು ಯಾವಾಗ ಮರಗಟ್ಟಿದವೋ ಮಾವನಿಗೇ ತಿಳಿಯಲಿಲ್ಲ. ಮೊದಲು ಕಂಡದ್ದು ಹೆಂಡತಿಗೆ. ಉಕ್ಕುತ್ತಿದ್ದ ಹಾಲಿನ ಪಾತ್ರೆಯನ್ನು ಮಾವ ಬರಿಗೈಯಲ್ಲಿ ಇಳಿಸಿ, ಹಿಡಿದುಕೊಂಡೇ ನಿಂತಿದ್ದರು.

"ಅಯ್ಯೋ, ಬಿಡ್ರೀ ಅದನ್ನ! ಕೈ ಬೇಯ್ತಿದೆ!"

"ಬೇಯ್ತಿದೆಯಾ?" ಎಂದರು ಮಾವ.

ವೈದ್ಯರು ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಕೇಳಿದರು. ಸಕ್ಕರೆ ಕಾಯಿಲೆ, ನರಗಳು ಹೋಗಿವೆ, ಇರುವಷ್ಟನ್ನಾದರೂ ಉಳಿಸಿಕೊಳ್ಳಿ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿ ಒಂದೇ ಮಾತು ಹೇಳಿದರು.

"ಕಚೇರಿಗೆ ಹೋಗಿ ಹೇಳ್ಬಿಡಿ. ನಮಗೇನು ಹತ್ತು ಹೊಟ್ಟೆ ಇಲ್ಲ. ಹೇಗೋ ಆಗುತ್ತೆ."

"ಹೊಟ್ಟೆ ವಿಷಯ ಅಲ್ವೇ. ಹೇಳಿದ ಮೇಲೆ ಹಗ್ಗ ಹೋಗುತ್ತೆ, ಬರೀ ಮಾವ ಉಳೀತಾನೆ. ಅವನನ್ನ ಕಟ್ಕೊಂಡು ಏನು ಮಾಡ್ತೀಯ?"

"ಕಟ್ಕೊಂಡು ಮೂವತ್ತು ವರ್ಷ ಆಯ್ತು. ಈಗ ಕೇಳ್ತೀರಲ್ಲ" ಎಂದರು ಹೆಂಡತಿ. ಇಬ್ಬರೂ ನಗಲಿಲ್ಲ.

ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯುತ್ತಿತ್ತು. ಇದನ್ನು ಮಾವ ತಾವೇ ಕಂಡುಕೊಂಡರು. ಸತ್ತ ಹಗ್ಗದ ತುಂಡುಗಳನ್ನು ಕೆಳತುಟಿಗೆ ಒತ್ತಿ ಎಳೆದು ನೋಡಿದರು; ಮೆತ್ತನೆಯ ಜಾಗ ಪ್ರತಿಸಲವೂ ಸಿಕ್ಕಿತು. ಅಂದಿನಿಂದ ಒಂದು ಗಂಟೆ ಮುಂಚೆ ಬಂದು, ಬಾಗಿಲಿಗೆ ಅಗುಳಿ ಹಾಕಿಕೊಂಡು, ಎಲ್ಲ ಹಗ್ಗಗಳನ್ನೂ ತುಟಿಯಿಂದ ನೋಡತೊಡಗಿದರು. ಒಂದು ವರ್ಷ ಹೀಗೇ ಕಳೆಯಿತು. ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಆ ವಿದ್ಯಾರ್ಥಿಗಳು ಬಂದರು. ಬೇರೆ ದೇಶದವರು, ಹದಿನೆಂಟು ಜನ, ಜೊತೆಗೊಬ್ಬ ಮೇಷ್ಟ್ರು. ಬೆಳಗ್ಗೆ ಸೇವೆ, ಮಧ್ಯಾಹ್ನ ಸಾಹಸ ಎಂದು ಅವರ ಪಟ್ಟಿಯಲ್ಲಿ ಬರೆದಿತ್ತು. ಬೆಳಗ್ಗೆ ಶಾಲೆಯ ಅಂಗಳಕ್ಕೆ ಗೋಡೆ ಕಟ್ಟಲು ಕಲ್ಲು ಹೊರುತ್ತಿದ್ದರು, ಊಟವಾದ ಮೇಲೆ ಬಂಡೆ ಇಳಿಯುತ್ತಿದ್ದರು. ಅವರಲ್ಲಿ ಕನ್ನಡಕದ ಹುಡುಗಿಯೊಬ್ಬಳು ಇಲ್ಲಿಯ ಮಾತು ಕಲಿತು ಬಂದಿದ್ದಳು. ಪುಸ್ತಕದಿಂದ ಕಲಿತದ್ದಾದ್ದರಿಂದ ಅವಳು ಟೀ ಕೇಳಿದರೂ ಅರ್ಜಿ ಬರೆದ ಹಾಗಿರುತ್ತಿತ್ತು.

ಎರಡನೆಯ ಬೆಳಗ್ಗೆ ಅಗುಳಿ ಸರಿಯಾಗಿ ಕೂತಿರಲಿಲ್ಲ. ಕೈಗವಸು ಕೇಳಲು ಬಂದ ಹುಡುಗಿ ಬಾಗಿಲು ತಳ್ಳಿದಳು. ಮಾವ ಕಣ್ಣು ಮುಚ್ಚಿ, ಹಗ್ಗವನ್ನು ತುಟಿಗೆ ತಾಗಿಸಿಕೊಂಡು ಕೂತಿದ್ದರು. ಅವಳು ಉಸಿರು ಬಿಗಿಹಿಡಿದು ಒಂದು ಫೋಟೋ ತೆಗೆದುಕೊಂಡು, ಮೆಲ್ಲಗೆ ಕೇಳಿದಳು:

"ಮಾವನವರೇ, ತಾವು ಹಗ್ಗಕ್ಕೆ ಮುತ್ತು ಕೊಡುತ್ತಿದ್ದೀರಾ? ಇದು ತಮ್ಮ ಪದ್ಧತಿಯೇ?"

ಮಾವ ಬೆಚ್ಚಿಬಿದ್ದರು. ನಿಜ ಹೇಳಲು ನಾಲಿಗೆ ಏಳಲಿಲ್ಲ. "ಹೂಂ ಕಣಮ್ಮ. ಹಳೇ ಪದ್ಧತಿ" ಎಂದುಬಿಟ್ಟರು.

ಊಟದ ಹೊತ್ತಿಗೆ ಫೋಟೋ ಹದಿನೆಂಟು ಜನರ ಕೈಯಲ್ಲೂ ಇತ್ತು, ಯಜಮಾನನ ಕೈಯಲ್ಲೂ ಇತ್ತು. ಯಜಮಾನನೆಂದರೆ ಹಳೆಯ ಯಜಮಾನರ ಮಗ. ಚಿಕ್ಕವನಿದ್ದಾಗ ಮಾವನ ಹೆಗಲೇರಿ ಆಡಿದವನು.

"ಏನ್ ಮಾವ, ನನ್ನ ಹತ್ರಾನೇ ಮುಚ್ಚಿಟ್ಟಿದ್ರಲ್ಲ! ಹುಡುಗರು ಮೇಲಿಂದ ಮೇಲೆ ಕೇಳ್ತಿದ್ದಾರೆ. ನಾಳೆಯಿಂದ ಇದನ್ನ ಅಂಗಳದಲ್ಲಿ ಮಾಡಿ, ಎಲ್ಲರ ಮುಂದೆ."

"ಒಳಗೇ ಮಾಡೋದು ಅದು."

"ಒಳಗೆ ಮಾಡಿದ್ರೆ ಗೋಡೆ ನೋಡುತ್ತೆ. ಮನೇಲಿ ಅತ್ತೆಗೆ ಹೊಟ್ಟೆಕಿಚ್ಚಾಗುತ್ತೆ ಅಂತ ಭಯಾನಾ?" ಎಂದು ಯಜಮಾನ ಬೆನ್ನು ತಟ್ಟಿ ಹೋದ.

ಹೀಗೆ ಅಂಗಳದಲ್ಲಿ ಮೇಜು ಬಂತು. ಊಟವಾದ ಕೂಡಲೇ ಆರು ಹಗ್ಗಗಳನ್ನು ಅದರ ಮೇಲೆ ಇಡುತ್ತಿದ್ದರು. ಮಾವ ಯಜಮಾನ ಕೊಟ್ಟ ಹೊಸ ಕೋಟು ಹಾಕಿಕೊಂಡು ಒಂದೊಂದನ್ನೂ ಎತ್ತಿ ತುಟಿಗೆ ತಾಗಿಸಬೇಕು. ಆಮೇಲೆ ಹುಡುಗರು ಸಾಲಾಗಿ ಬಂದು ಹಾಗೇ ಮಾಡುತ್ತಿದ್ದರು. ಅವರು ನಗುತ್ತಿರಲಿಲ್ಲ. ಕೆಲವರು ಕಣ್ಣು ಮುಚ್ಚುತ್ತಿದ್ದರು. ಚೆನ್ನಾಗಿ ಆಗಲಿಲ್ಲವೆಂದು ಮೇಷ್ಟ್ರು ಫೋಟೋಕ್ಕಾಗಿ ಮಾವನ ಕೈಲೂ ಎರಡೆರಡು ಸಲ ಮಾಡಿಸುತ್ತಿದ್ದರು. ಬೆಟ್ಟದ ಮೇಲಿಂದ ಒಣ ಗಾಳಿ ಸುಯ್ಯೆಂದು ಬೀಸುತ್ತಿತ್ತು.

ಬೆಳಗಿನ ನಿಜವಾದ ಪರೀಕ್ಷೆಯನ್ನು ಮಾವ ಬಿಡಲಿಲ್ಲ. ಆದರೆ ಎರಡು ಕೆಲಸವನ್ನು ಒಂದು ತುಟಿ ತಾಳಲಿಲ್ಲ. ಮೊದಲ ದಿನ ಉರಿಯಿತು, ಎರಡನೆಯ ದಿನ ಒಡೆಯಿತು. ಮೂರನೆಯ ಬೆಳಗ್ಗೆ ಕೆಳತುಟಿ ಊದಿಕೊಂಡು ದಿಂಡಿನ ಹಾಗಾಗಿತ್ತು. ಹಗ್ಗ ತಾಗಿಸಿದರೆ ನೋವೊಂದು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಮಾವ ಬೆರಳಿನಿಂದ ನೋಡಿದರು, ಕೆನ್ನೆಯಿಂದ ನೋಡಿದರು. ಆರು ಹಗ್ಗಗಳೂ ಒಂದೇ ಥರ ಇದ್ದವು, ಏನೂ ಇಲ್ಲದ ಹಾಗೆ.

ಹೊರಗೆ ಯಜಮಾನ ಕೂಗಿದ: "ಮಾವ, ಆಯ್ತಾ?"

ಮಾವ ಆರು ಚೀಟಿಗಳಿಗೂ ಸಹಿ ಹಾಕಿದರು.

ಅಂದು ಮಧ್ಯಾಹ್ನ, ಎಂದೂ ಹೋಗದ ಮಾವ ಬಂಡೆಯ ಬುಡಕ್ಕೆ ಹೋಗಿ ಕೂತರು. ಹುಡುಗರು ಒಬ್ಬೊಬ್ಬರಾಗಿ ಕಿರುಚುತ್ತ, ನಗುತ್ತ ಇಳಿದರು. ಮಾವ ಎಣಿಸಿದರು. ಹದಿನೇಳು ಆದ ಮೇಲೆ ಕನ್ನಡಕದ ಹುಡುಗಿ ಬಂಡೆಯ ನಡುಮಧ್ಯೆ ಹಗ್ಗದಲ್ಲೇ ನಿಂತು, ಕೆಳಗೆ ನೋಡಿ ಕೈಬೀಸಿದಳು. ಅವಳ ಕಾಲು ನೆಲ ಮುಟ್ಟಿದಾಗ ಮಾವ ಎದ್ದು ಹೋಗಿ ಪೊದೆಯ ಹಿಂದೆ ವಾಂತಿ ಮಾಡಿಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಹೆಂಡತಿಗೆ ಹೇಳಲೂ ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ಯಜಮಾನ ಬಂದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಆರೂ ಹಗ್ಗಗಳು ಮಾರುದ್ದದ ತುಂಡುಗಳಾಗಿ ನೆಲದ ಮೇಲೆ ಬಿದ್ದಿದ್ದವು, ನಡುವೆ ಮಾವ ಕೂತಿದ್ದರು. ಯಜಮಾನ ಕುಕ್ಕರಗಾಲಲ್ಲಿ ಕೂತು ಒಂದೊಂದರ ಸಿಪ್ಪೆ ಬಿಡಿಸಿ ನೋಡಿದ. ತಿರುಳು ಎಲ್ಲೂ ಜಜ್ಜಿರದೆ, ಎಲ್ಲದರಲ್ಲೂ ಹಾಲಿನಷ್ಟು ಬಿಳುಪಾಗಿತ್ತು.

"ಎಲ್ಲ ಚೆನ್ನಾಗೇ ಇತ್ತಲ್ಲ ಮಾವ! ಯಾಕೆ?"

"ಚೆನ್ನಾಗಿತ್ತು ಅಂತ ಈಗ ಗೊತ್ತಾಯ್ತು. ನಿನ್ನೆ ಗೊತ್ತಿರಲಿಲ್ಲ" ಎಂದು ಮಾವ ತಮ್ಮೆರಡು ಕೈಗಳನ್ನೂ ಅವನ ಮುಂದೆ ಚಾಚಿ, ಎಲ್ಲ ಹೇಳಿದರು.

ಯಜಮಾನ ಎದ್ದು ಬಾಗಿಲು ಮುಚ್ಚಿದ. ಕೂಗಾಡಿದ್ದರೆ ಮಾವನಿಗೆ ಎಷ್ಟೋ ಹಗುರಾಗುತ್ತಿತ್ತು. ತಗ್ಗಿದ ದನಿಯಲ್ಲಿ ಹೇಳಿದ: "ಇದು ನಮ್ಮಿಬ್ಬರಲ್ಲೇ ಇರಲಿ. ಹಗ್ಗ ನೋಡೋಕೆ ಬೇರೆಯವರನ್ನ ಹಾಕ್ತೀನಿ. ನೀವು ಅಂಗಳದಲ್ಲಿ ಮುತ್ತು ಕೊಡೋದನ್ನ ಮಾತ್ರ ಮಾಡ್ಕೊಂಡಿರಿ. ಸಂಬಳ ಹಾಗೇ ಇರುತ್ತೆ."

ಮಾವ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ ಮನೆಗೆ ನಡೆದರು.

ಮಾವ ಹಗ್ಗ ಕತ್ತರಿಸಿದರೆಂದು, ಬಂಡೆ ಇಳಿಯುವುದು ನಿಂತಿತೆಂದು ಮಾತ್ರ ಹುಡುಗರಿಗೆ ತಿಳಿಯಿತು. ತಾವು ಹಗ್ಗಕ್ಕೆ ತುಟಿ ತಾಗಿಸಿದ್ದರಿಂದಲೇ ಮುದುಕರ ಮನಸ್ಸು ನೊಂದು ಹಗ್ಗ ಕತ್ತರಿಸಿದರೆಂದು ಅವರು ಲೆಕ್ಕ ಹಾಕಿದರು. ಸಂಜೆ ಕನ್ನಡಕದ ಹುಡುಗಿ ಹದಿನೆಂಟು ಜನ ಸಹಿ ಮಾಡಿದ ಕಾಗದ ಹಿಡಿದು ಮಾವನ ಮನೆಯ ಮೆಟ್ಟಿಲು ಹತ್ತಿದಳು.

"ಮಾವನವರೇ, ತಮ್ಮ ಪದ್ಧತಿಯನ್ನು ನಾವು ಆಟವಾಗಿ ಮಾಡಿದೆವು. ದಯವಿಟ್ಟು ಕ್ಷಮಿಸಬೇಕು."

ಒಳಗಿನಿಂದ ಹೆಂಡತಿ ಮಾವನನ್ನೇ ನೋಡುತ್ತಿದ್ದರು. ಕಾಗದ ತೆಗೆದುಕೊಂಡು ಆಯ್ತಮ್ಮ ಎಂದಿದ್ದರೆ ಸಾಕಿತ್ತು.

"ಪದ್ಧತಿ ಅಂತ ಯಾವುದೂ ಇಲ್ಲಮ್ಮ. ಸುಳ್ಳು ಹೇಳ್ದೆ. ನನ್ನ ಬೆರಳಿಗೆ ಸ್ಪರ್ಶ ಇಲ್ಲ, ಅದಕ್ಕೆ ತುಟೀಲಿ ನೋಡ್ತಿದ್ದೆ. ನಿನ್ನೆ ತುಟೀನೂ ಹೋಗಿತ್ತು."

ಹುಡುಗಿ ಪುಸ್ತಕದ ಮಾತು ಹುಡುಕಿಕೊಂಡು ಕೇಳಿದಳು: "ಹಾಗಾದರೆ ನಿನ್ನೆ ನಾವು ಇಳಿದ ಹಗ್ಗ?"

"ನೋಡದೇ ಸಹಿ ಹಾಕಿದ್ದೆ."

ಅವಳು ಕಾಗದವನ್ನು ಮಾವನಿಗೆ ಕೊಡದೆ ಎರಡಾಗಿ ಮಡಿಸಿ ಜೇಬಿಗೆ ಹಾಕಿಕೊಂಡಳು. ಆಮೇಲೆ ತಿರುಗಿ, ಒಂದು ಕೈಯನ್ನು ಗೋಡೆಗೆ ಊರಿಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿದು ಹೋದಳು.