ಬಸಿದ ನೀರು

'ಆ ಕಾಲದಲ್ಲಿ' ಎಂದು ಶುರುಮಾಡಿದ ಕೂಡಲೇ ಎಲ್ಲ ಅಡುಗೆಗೂ ರುಚಿ ಬಂದುಬಿಡುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಈ ಅಡುಗೆ ರುಚಿಯಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಆಗ ನನಗೆ ಒಂಬತ್ತು ವರ್ಷ ಇರಬೇಕು. ಅರಕಲಗೂಡಿನ ಪಕ್ಕದ ನಮ್ಮೂರಿನಲ್ಲಿ ಶುಂಠಿ ಕೀಳುವ ಕಾಲ. ಅಪ್ಪ, ಅಮ್ಮ, ಚಿಕ್ಕಪ್ಪ ಬೆಳಿಗ್ಗೆ ಹೊಲಕ್ಕೆ ಹೋದರೆ ಮಧ್ಯಾಹ್ನ ಉಗುರಿನ ಸಂದಿಯಲ್ಲೆಲ್ಲ ಕೆಮ್ಮಣ್ಣು ತುಂಬಿಕೊಂಡು ಊಟಕ್ಕೆ ಬರುತ್ತಿದ್ದರು. ಇಡೀ ಮನೆಗೆ ಹಸಿ ಶುಂಠಿಯ ವಾಸನೆ. ಒಲೆಯ ಮುಂದೆ ಉಳಿಯುತ್ತಿದ್ದವರು ಅಜ್ಜಿ ಮತ್ತು ಆ ವರ್ಷವಷ್ಟೇ ಹಾಸನದಿಂದ ಮದುವೆಯಾಗಿ ಬಂದಿದ್ದ ಚಿಕ್ಕಮ್ಮ.

ಚಿಕ್ಕಮ್ಮನಿಗೆ ತಿಂದಿಲ್ಲದ್ದನ್ನು ತಿನ್ನುವ ಹುಚ್ಚು. ಟೀವಿ ನೋಡಿ ಬರೆದುಕೊಂಡ ಅಡುಗೆಗಳ ನೋಟ್‌ಬುಕ್ಕೊಂದು ಅವಳ ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗಿತ್ತು. ತವರಿಗೆ ಹೋಗಿ ಬಂದಾಗಲೆಲ್ಲ ಚೀಲದಲ್ಲಿ ಏನಾದರೊಂದು ಹೊಸ ಪೊಟ್ಟಣ. ಮೊದಲು ತಂದದ್ದು ಅಣಬೆ. ಮಾಂಸದಂತೆ ಕಾಣುತ್ತಿದ್ದ ಆ ಪಲ್ಯವನ್ನು ಅಜ್ಜಿ ತಿಪ್ಪೆಗೆ ಸುರಿದು, ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ಉಜ್ಜಿದರು. ಬೆವರಿಗೆ ಹಣೆಯ ವಿಭೂತಿ ಅಳಿಸಿಹೋಗಿತ್ತು.

"ಇನ್ನೊಂದ್ ಕಿತ ಇಂಗೇನಾರ ಮಾಡುದ್ರೆ ನೀನು ಒಲೆ ತಾವ್ಕೇ ಬರ್ಬ್ಯಾಡ ಕಣಮ್ಮಿ. ಕಸ ಮುಸ್ರೆ ನೋಡ್ಕೊ, ಸಾಕು," ಅಂದರು.

ಅಜ್ಜಿ ಬರೀ ಮಾತಿಗೆ ಏನನ್ನೂ ಹೇಳುವವರಲ್ಲ. ಹದಿನೈದು ದಿನ ಚಿಕ್ಕಮ್ಮ ಮುದ್ದೆ, ಸಾರು ಬಿಟ್ಟು ಬೇರೆ ಏನೂ ಮಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಜ್ಜಿ ಬಾಣಂತಿಯನ್ನು ನೋಡಲು ಪಕ್ಕದ ಮನೆಗೆ ಹೋದರು. ಸೂಟ್‌ಕೇಸಿನಿಂದ ಮ್ಯಾಕರೋನಿ ಹೊರಬಂತು.

"ಪುಟ್ಟಿ, ಅಜ್ಜಿ ಬರ್ತಾರಾ ನೋಡ್ತಿರು," ಎಂದು ನನ್ನನ್ನು ಹೊಸಿಲ ಬಳಿ ಕೂರಿಸಿದಳು.

ನಾನು ನೋಡಿದ್ದು ಬೀದಿಯನ್ನಲ್ಲ, ಪಾತ್ರೆಯನ್ನು. ಬಾಗಿದ ಪುಟ್ಟ ಕೊಳವೆಗಳು ಕುದಿನೀರಿನಲ್ಲಿ ಏಳುತ್ತ ಬೀಳುತ್ತ ದಪ್ಪಗಾಗುತ್ತಿದ್ದವು. ಚಿಕ್ಕಮ್ಮ ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಹಿಡಿದು ಬಚ್ಚಲಿಗೆ ಬಗ್ಗಿಸುವುದಕ್ಕೂ ಅಜ್ಜಿ ಬಂದು ಹಿಂದೆ ನಿಲ್ಲುವುದಕ್ಕೂ ಸರಿಹೋಯಿತು.

"ಚೆಲ್ಬ್ಯಾಡ."

ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. ಇನ್ನು ಇವಳಿಗೆ ಒಲೆ ಇಲ್ಲ ಅಂದುಕೊಂಡೆ, ಅದೂ ನನ್ನಿಂದ. ಆದರೆ ಅಜ್ಜಿಯ ಕಣ್ಣು ಮ್ಯಾಕರೋನಿಯ ಮೇಲಿರಲಿಲ್ಲ. ಬಚ್ಚಲಿಗೆ ಬೀಳಲಿದ್ದ ನೀರಿನ ಮೇಲಿತ್ತು.

"ಬಸ್ದಿದ್ ನೀರ ಯಾರಾರ ಬಚ್ಚಲ್ಗೆ ಉಯ್ತಾರೇನಮ್ಮಿ? ಸತ್ವೆಲ್ಲ ಅದ್ರಾಗೇ ಅಲ್ವಾ ಇರಾದು?"

"ಅತ್ತೆ, ಇದ್ರ ನೀರು ಚೆಲ್ಬೇಕು ಅಂತಾನೇ ಬರ್ದಿದೆ."

"ಬರ್ದೋನ್ಗೆ ಬಸ್ಸಾರು ಗೊತ್ತಿಲ್ಲ ಬುಡು."

ನಮ್ಮ ಕಡೆ ಸೊಪ್ಪು, ಕಾಳು ಬೇಯಿಸಿದರೆ ಬಸಿದ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಅಜ್ಜಿಯ ಲೆಕ್ಕದಲ್ಲಿ ಏನು ಬೆಂದರೂ ಎರಡು ಅಡುಗೆ. ಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸುಟ್ಟ ಒಣಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವನ್ನೂ ಒರಳಿಗೆ ಹಾಕಿ ಅರೆದು, ಆ ಬೆಳ್ಳನೆಯ ಗಂಜಿಗೆ ಕಲಸಿ ಕುದಿಯಲಿಟ್ಟರು. ಆಮೇಲೆ ಒಲೆಯ ಮುಂದಿನಿಂದ ಸ್ವಲ್ಪ ಸರಿದು ಕೂತರು.

"ಪಲ್ಯಕ್ಕೆ ಒಗ್ರಣೆ ನೀನ್ ಆಕು."

ಮಧ್ಯಾಹ್ನ ಮುದ್ದೆಯ ಪಕ್ಕದಲ್ಲಿ ಮ್ಯಾಕರೋನಿ ಬಿತ್ತು. ಚಿಕ್ಕಪ್ಪ ಒಂದನ್ನು ಎತ್ತಿ ಬಾಯಿಗಿಟ್ಟು ಊದಿದ.

"ಅವ್ವ, ಇದು ಪೀಪಿ ಕಣವ್ವ. ಊದ್ಬುಟ್ಟು ತಿನ್ಬೇಕಾ?"

"ಸುಮ್ಕೆ ತಿನ್ಲಾ. ನಾನ್ ಮಾಡಿರಾದು," ಅಂದರು ಅಜ್ಜಿ.

ಚಿಕ್ಕಮ್ಮ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಅಜ್ಜಿ ನೋಡಲಿಲ್ಲ. ಮುಂದಿನ ಸಲ ಅವಳು ತವರಿಗೆ ಹೊರಟಾಗ ಮಾತ್ರ ಬಾಗಿಲವರೆಗೂ ಬಂದು ಹೇಳಿದರು: "ಆ ತೂತಿಂದು ಇನ್ನೊಂದ್ ಪೊಟ್ಣ ತತ್ತಾ. ಈ ಕಿತ ನೀರ್ ಒಸಿ ಕಮ್ಮಿ ಇಡಾನ."

ಇದನ್ನು ಬರೆಯುವ ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನನ್ನ ನೆನಪಿನ ಆ ಊಟದಲ್ಲಿ ಎಲ್ಲರೂ ನಗುತ್ತಿದ್ದಾರೆ, ಎಲ್ಲರೂ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಾರೆ.

"ಯಾರೂ ನಗ್ಲಿಲ್ಲ ಕಣೇ," ಅಂದಳು. "ಸಾರು ಥೇಟ್ ಗೋಂದು. ನಿಮ್ಮಪ್ಪ ಮಜ್ಜಿಗೆ ಉಯ್ಕೊಂಡು ಎದ್ಬಿಟ್ರು. ಪೂರ್ತಿ ಉಂಡಿದ್ದು ಅತ್ತೆ ಒಬ್ರೇ. ರಾತ್ರಿಗೂ ಅದನ್ನೇ ಬಿಸಿ ಮಾಡ್ಕೊಂಡ್ರು."

ಹಾಗಾದರೆ ಆ ನಗುವನ್ನು ಸೇರಿಸಿದವಳು ನಾನೇ. ತೆಗೆದುಬಿಡೋಣವೆಂದು ಕೂತೆ, ಆಗಲಿಲ್ಲ. ಅಜ್ಜಿ ಒಬ್ಬರೇ ತಟ್ಟೆಯ ಮುಂದೆ ಕೂತು ಆ ಗೋಂದನ್ನು ಉಣ್ಣುತ್ತಿರುವುದು ಮಾತ್ರ ನನ್ನ ನೆನಪಿನಲ್ಲಿ ಎಲ್ಲೂ ಇಲ್ಲ. ಇರಬೇಕಾಗಿದ್ದುದು ಅದೊಂದೇ.

ಈಗ ನನ್ನ ಅಡುಗೆಮನೆಗೆ ಯಾವ ಪೊಟ್ಟಣ ಬೇಕಾದರೂ ಬರುತ್ತದೆ. ಹೊಸದು ಎಂದು ಹೆದರುವವರೂ ಇಲ್ಲ, ಹೆದರಿಸುವವರೂ ಇಲ್ಲ. ಪಾಸ್ತಾ ಬೆಂದ ಮೇಲೆ ಪಾತ್ರೆಯನ್ನು ಸಿಂಕಿಗೆ ಬಗ್ಗಿಸುವಾಗ ಕೈ ತಾನಾಗಿ ಒಂದು ಗಳಿಗೆ ನಿಲ್ಲುತ್ತದೆ. ಹಬೆ ಮುಖಕ್ಕೆ ಬಡಿಯುತ್ತದೆ. ಹಿಂದಿನಿಂದ ಯಾರೂ ಬೇಡವೆನ್ನುವುದಿಲ್ಲ. ನೀರು ಹೋಗಿಬಿಡುತ್ತದೆ.