ಔಟ್‌ವೇ ಮತ್ತು ನಲ್ಲಿಯ ಪಾಳಿ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಾಂತಾಕ್ರೂಜ್‌ನ ಇಪ್ಪತ್ತು ಮನೆಗಳ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅಪ್ಪ ಧಾರವಾಡ ಕಡೆಯವರು, ಕಟ್ಟಡ ಕಟ್ಟುವ ಗೌಂಡಿ. ಮ್ಯಾಟ್ರಿಕ್ ಮುಗಿಸಿ ಟೈಪಿಂಗ್ ಕಲಿತಿದ್ದ ನನ್ನನ್ನು ಗ್ರಾಂಟ್ ರೋಡಿನ ಒಂದು ಆಫೀಸು ಇಂಟರ್‌ವ್ಯೂಗೆ ಕರೆದಾಗ ಅಪ್ಪ ಖಡಾಖಂಡಿತ ಹೇಳಿದರು: "ನೌಕರಿ ಸಿಕ್ರ ಇಲ್ಲೇ ಇರು. ಇಲ್ಲಾಂದ್ರ ಬರೋ ತಿಂಗಳ ಊರಾಗ ಮದಿವಿ." ವರನ ಕಡೆಯವರಿಗೆ ಒಪ್ಪಿಗೆಯ ಪೋಸ್ಟ್ ಕಾರ್ಡನ್ನೂ ಬರೆದು ಗೋಡೆಯ ಗೂಡಿನಲ್ಲಿಟ್ಟಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬಿಟ್ಟೇನೆಯೇ?

ಇಂಗ್ಲಿಷ್ ತಿದ್ದಿಕೊಳ್ಳಲು ಮಾಟುಂಗದ ಕನ್ನಡ ಸಂಘದ ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿದ್ದ ಉಡುಪಿ ಕಡೆಯ ಮಾಸ್ತರರು ಒಂದು ದಿನ ಪೇಪರಿನಲ್ಲಿ 'ಔಟ್‌ವೇ' (outweigh) ಎಂಬ ಕ್ರಿಯಾಪದ ತೋರಿಸಿದರು. ಒಂದಕ್ಕಿಂತ ಇನ್ನೊಂದು ಹೆಚ್ಚು ಮುಖ್ಯ ಎನ್ನಲು ಬಳಸುವ ಮಾತು. ಹರಕು ಚಪ್ಪಲಿಗಿಂತ ರೈಲಿನ ಪಾಸು ಮುಖ್ಯ ಎಂದು ನಾನು ವಾಕ್ಯ ಮಾಡಿದೆ. ಅವರು ನಕ್ಕರು. "ಅದು ಆಗ್ಲಿಕ್ಕಿಲ್ಲ ಮಾರಾಯ್ತಿ. ಎರಡಕ್ಕೂ ತೂಕ ಉಂಟು ಅಂತ ಮೊದಲು ಒಪ್ಪಬೇಕು. ತೂಕದಲ್ಲಿ ಸೋಲುವ ವಸ್ತುವೂ ನಿನಗೆ ಬೇಕಾದದ್ದೇ ಆಗಿರ್ಬೇಕು."

ಇಂಟರ್‌ವ್ಯೂ ದಿನವೇ, ದಿನಕ್ಕೊಂದು ಮನೆಯಂತೆ ಸುತ್ತುವ ಚಾಳಿನ ಒಂದೇ ನಲ್ಲಿಯ ಪಾಳಿ ನಮ್ಮ ಮನೆಗೆ ಬಂತು. ಪಾಳಿಯವರು ನೀರು ನಿಲ್ಲುವ ತನಕ ಅಲ್ಲೇ ನಿಂತು ಇಪ್ಪತ್ತು ಮನೆಗೂ ಮೂರು ಮೂರು ಕೊಡ ಹಂಚಬೇಕು; ಬಿಟ್ಟು ಹೋದರೆ ಜುಟ್ಟು ಜುಟ್ಟು ಹಿಡಿಯುವ ಜಗಳ. ಅಪ್ಪ ಕೆಲಸಕ್ಕೆ ಹೋಗಿಯಾಗಿತ್ತು, ಅವ್ವ ಜ್ವರದಲ್ಲಿ ಮಲಗಿದ್ದಳು. ಆ ಹಾಳು ನೀರು ಒಂದು ಗಂಟೆ ತಡವಾಗಿ ಬಂತು, ಅದೂ ಸಣ್ಣ ಧಾರೆ. ಕೊನೆಯ ಕೊಡ ತುಂಬಿಸಿ, ಒದ್ದೆ ಸೆರಗಿನಲ್ಲೇ ಓಡಿ ಲೋಕಲ್ ಹಿಡಿದೆ.

ಆಫೀಸು ಮುಟ್ಟಿದಾಗ ಮುಕ್ಕಾಲು ಗಂಟೆ ತಡ. ಟೈಪಿಂಗ್ ಪರೀಕ್ಷೆಯನ್ನು ಚಕಚಕನೆ ಮುಗಿಸಿದೆ, ಒಂದೂ ತಪ್ಪಿಲ್ಲ. ಆದರೂ ಸಾಹೇಬರು ಗಡಿಯಾರ ನೋಡಿ, ಈ ಕೆಲಸ ನಿನಗೆ ಮುಖ್ಯವಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೈ ಉರಿಯಿತು. ಸಿಗದಿದ್ದರೆ ಊರಿಗೆ ಕಳಿಸಿ ಮದುವೆ ಮಾಡುತ್ತಾರೆ, ಅಷ್ಟು ಮುಖ್ಯ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. "ಬಟ್ ದಿಸ್ ಮಾರ್ನಿಂಗ್, ಸರ್, ವಾಟರ್ ಫಾರ್ ಟ್ವೆಂಟಿ ಫ್ಯಾಮಿಲೀಸ್ ಔಟ್‌ವೇಡ್ ಇಟ್."

ಅವರು ಪೆನ್ನು ಕೆಳಗಿಟ್ಟರು. ಮುಂದಿನ ಪಾಳಿ ಯಾವಾಗ ಎಂದು ಕೇಳಿದರು. ಇಪ್ಪತ್ತು ದಿನಕ್ಕೆ ಎಂದೆ. ಹಾಗಾದರೆ ನಾಳೆ ಒಂಬತ್ತೂವರೆಗೆ ಬಾ, ಕೆಲಸ ನಿನ್ನದೇ ಎಂದರು.

ಗೆದ್ದೆ! ಗ್ರಾಂಟ್ ರೋಡ್ ಸ್ಟೇಷನ್ನಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಸಂಜೆ ಅಪ್ಪ ಎಲ್ಲವನ್ನೂ ಕೇಳಿ ಗೂಡಿನ ಕಡೆ ನೋಡಿದರು. ಆ ಸಂಬಂಧ ಅವರಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು.

"ಪಾಳಿ ಬಿಟ್ಟು ಹೋಗಲಿಲ್ಲೇನು?"

"ಇಲ್ಲಪ್ಪಾ."

ಗೂಡಿನ ಕಾರ್ಡು ತೆಗೆದು ನಾಲ್ಕು ಚೂರು ಮಾಡಿದರು. "ಒಂಬತ್ತೂವರಿ ಅಂದ್ರ ಎಂಟೂವರಿ ಲೋಕಲ್ ಹಿಡೀಬೇಕವಾ," ಎಂದರು.